ಬೇಳೆ ಬೇಯುವ ನೀರು

ನಮ್ಮೂರಿನ ಈಶ್ವರನ ಗುಡಿ ಪಕ್ಕದ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ. ಒಲೆ ಮೇಲಿಟ್ಟು ಒಗ್ಗರಣೆಗೆ ಈರುಳ್ಳಿ ಹೆಚ್ಚುವಷ್ಟರಲ್ಲಿ ಬೆಣ್ಣೆಯಾಗಿರುತ್ತದೆ. ಈ ಮಾತು ಹೇಳಿದವಳು ನಾನೇ. ಊರಿನ ನೀರು ಸಮಿತಿಯ ಸಭೆಯಲ್ಲಿ, ಕೇಳಿದ್ದಕ್ಕೆ ಉತ್ತರವಾಗಿ ಹೇಳಿದೆ. ಸುಳ್ಳಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಮಾತನ್ನೂ ಹೇಳಿದ್ದೆ. ಮೊದಲನೆಯದು ನಡಾವಳಿ ಪುಸ್ತಕಕ್ಕೆ ಏರಿತು, ಎರಡನೆಯದು ಗಾಳಿಗೆ ಹೋಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ. ದೇವರ ಮುಂದೆ ಕೂತಾಗಲೂ ಆರುವುದಿಲ್ಲ.

ನನ್ನ ತವರು ಕೊರಟಗೆರೆ ಕಡೆ, ಬಾಗಿಲಲ್ಲಿ ನಿಂತರೆ ಸಿದ್ದರಬೆಟ್ಟ ಕಾಣುವ ಊರು. ಮದುವೆಯಾಗಿ ಬಂದದ್ದು ಮಧುಗಿರಿ ದಾಟಿ, ಪಾವಗಡದ ದಾರಿಯಿಂದ ಒಳಗೆ ಸರಿದ ಈ ಊರಿಗೆ. ಬಂದ ಹೊಸದರಲ್ಲಿ ನನ್ನ ಓರಗೆಯ ಹೆಂಗಸರು ನಗುವಾಗಲೆಲ್ಲ ಸೆರಗನ್ನು ಬಾಯಿಗೆ ತರುವುದು ಕಂಡು, ಎಷ್ಟು ನಾಚಿಕೆಯ ಜನ ಎಂದುಕೊಂಡಿದ್ದೆ. ನಾಚಿಕೆ ಅಲ್ಲ, ಹಲ್ಲು ಎಂದು ಗೊತ್ತಾಗಿದ್ದು ನನ್ನ ಮಗಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ. ಅಡ್ಡಡ್ಡ ಗೆರೆ, ಕಾಫಿ ಕರೆ ಹಿಡಿದ ಹಾಗೆ. ಬೇವಿನ ಕಡ್ಡಿ, ಉಪ್ಪು, ಇದ್ದಿಲಪುಡಿ, ಎಲ್ಲದರಲ್ಲೂ ಉಜ್ಜಿಸಿದೆ. ವಸಡಿನಲ್ಲಿ ರಕ್ತ ಬಂತೇ ಹೊರತು ಗೆರೆ ಹೋಗಲಿಲ್ಲ. ಈಗ ಅವಳು ತುಮಕೂರಿನಲ್ಲಿ ಕಾಲೇಜು ಓದುತ್ತಾಳೆ. ಗೆಳತಿಯರ ಜೊತೆ ತೆಗೆಸಿಕೊಂಡ ಫೋಟೊ ಕಳಿಸುತ್ತಾಳೆ. ಎಲ್ಲರೂ ನಗುತ್ತಿರುತ್ತಾರೆ, ಅವಳೊಬ್ಬಳು ತುಟಿ ಬಿಗಿಹಿಡಿದು ನಿಂತಿರುತ್ತಾಳೆ.

ಅತ್ತೆಯದು ಬೆನ್ನು. ನಾನು ಬಂದಾಗ ನೆಟ್ಟಗಿದ್ದ ಹೆಂಗಸು, ಕೊನೆಕೊನೆಗೆ ಸೊಂಟದಿಂದ ಮುರಿದಿಟ್ಟ ಹಾಗೆ ಬಗ್ಗಿಹೋದರು. ಸೋಮವಾರ ಗುಡಿಗೆ ಕೈಹಿಡಿದು ಕರೆದುಕೊಂಡು ಹೋದರೆ ತಲೆಯೆತ್ತಿ ಲಿಂಗ ನೋಡಲು ಆಗುತ್ತಿರಲಿಲ್ಲ. "ಹೊಸ್ತಿಲು ಕಾಣ್ತದಲ್ಲ, ಅದೂ ಅವನ್ದೇ ತಾನೆ, ಸಾಕು ಬುಡು" ಎನ್ನುತ್ತಿದ್ದರು. ಸಂಜೆ ದೀಪ ಹಚ್ಚಿ, ಆ ದಿನ ಶಿವ ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನೆಲ್ಲ ಒಂದೊಂದಾಗಿ ನೆನೆಯುವ ಅಭ್ಯಾಸ ನನಗೆ ಅಂಟಿದ್ದು ಅವರಿಂದಲೇ. ಹಾಲು ಒಡೆಯಲಿಲ್ಲ, ಕರೆಂಟು ಹೋಗಲಿಲ್ಲ, ಗಂಡ ಸಿಡುಕಲಿಲ್ಲ, ಹೀಗೆ. ಅವರು ಹೋದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ.

ಮನೆ ಮನೆಗೆ ನಲ್ಲಿ ಬರುತ್ತದೆ ಎಂದಾದಾಗ ಊರಿನಲ್ಲಿ ನೀರು ಸಮಿತಿ ಮಾಡಿದರು. ಹೆಂಗಸರೂ ಇರಬೇಕಂತೆ. ಸಮಿತಿಯ ಅಧ್ಯಕ್ಷರು ನಮ್ಮ ಮನೆಗೇ ಬಂದು, "ನೀನೇ ಇರು ಕಣಮ್ಮ, ನೀನು ಜಗಳಗಂಟಿ ಅಲ್ಲ" ಎಂದು ಸಹಿ ಹಾಕಿಸಿಕೊಂಡು ಹೋದರು. ಅವರು ಕಡಲೆಕಾಯಿ ವ್ಯಾಪಾರದ ಹಿರಿಯರು, ಊರಿನ ವರಸೆಯಲ್ಲಿ ನನಗೆ ಮಾವ. ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವರು. ಅವರು ಕೆಟ್ಟವರಾಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು.

ತೀರ್ಮಾನ ಮಾಡಬೇಕಾದದ್ದು ಒಂದೇ. ಹೊಸ ಟ್ಯಾಂಕಿಗೆ ನೀರು ಎಲ್ಲಿಂದ? ಗುಡಿ ಬೋರಿಂದಲೋ, ಕೆರೆ ಏರಿ ಕೆಳಗಿನ ಬೋರಿಂದಲೋ? ಎರಡರಲ್ಲೂ ನೀರಿತ್ತು. ಗುಡಿ ಬೋರಿನದು ಸಿಹಿ. ಕೆರೆ ಬೋರಿಗೆ ಕೈಪಂಪು ಹಾಕಿದ್ದರು. ಅದರ ನೀರು ಗಡಸು, ನಾಲಿಗೆಗೆ ಒಂದಿಷ್ಟು ಉಪ್ಪುಪ್ಪು. ಅದರಲ್ಲಿ ಬೇಳೆ ಬೇಯಬೇಕಾದರೆ ಸಾಕುಸಾಕಾಗುತ್ತದೆ.

ಸಭೆಗೆ ಮುಂಚೆ ಹಲ್ಲಿನ ಡಾಕ್ಟರಮ್ಮ ಒಬ್ಬರು ಬಂದಿದ್ದರು. ಚಿಕ್ಕ ವಯಸ್ಸು, ಕಾಟನ್ ಸೀರೆ, ಮಾತು ಮೆತ್ತಗೆ. ಶಾಲೆಯ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಒಂದೊಂದೇ ಮಗುವಿನ ಬಾಯಿ ನೋಡಿದರು. ನೋಡುವ ಮೊದಲು ಒಂದೇ ಪ್ರಶ್ನೆ: "ನಿಮ್ಮನೇಲಿ ಯಾವ ನೀರು ಕುಡೀತೀರಾ ಪುಟ್ಟಾ?" ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ನನ್ನದಾಗಿತ್ತು. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಗುಡಿ ಬೀದಿಯ ಮಕ್ಕಳು ಬಾಯಿ ತೆರೆದರೆ ಕಂದು ಗೆರೆ, ಸುಣ್ಣದ ಮಚ್ಚೆ. ಕೆರೆ ಕಡೆಯ ಬೀದಿಯ ಮಕ್ಕಳು, ಅದೇ ಶಾಲೆ, ಅದೇ ಊಟ, ಅದೇ ಧೂಳು, ಹಲ್ಲು ಮಾತ್ರ ಮಲ್ಲಿಗೆ ಮೊಗ್ಗು. ಅಲ್ಲೊಂದು ಇಲ್ಲೊಂದು ಹೆಚ್ಚುಕಡಿಮೆ ಇತ್ತು. ಆದರೆ ಸಾಲು ನೋಡಿದ ಯಾರಿಗೂ ಅನುಮಾನ ಉಳಿಯುವ ಹಾಗಿರಲಿಲ್ಲ.

ಆಮೇಲೆ ಎರಡೂ ಬೋರಿನ ನೀರನ್ನು ಎರಡು ಸಣ್ಣ ಗಾಜಿನ ನಳಿಗೆಗೆ ಹಾಕಿ ಏನೋ ದ್ರವದ ಹನಿ ಬಿಟ್ಟರು. ಗುಲಾಬಿ ಬಣ್ಣ ಉಳಿದರೆ ನೀರು ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಜಾಸ್ತಿ ಎಂದು ಮೊದಲೇ ಹೇಳಿದ್ದರು. ಕೆರೆ ನೀರು ಗುಲಾಬಿಯಾಗಿ ನಿಂತಿತು. ಗುಡಿ ನೀರು ನೋಡನೋಡುತ್ತಲೇ ಹಳದಿಯಾಯಿತು. ಅಧ್ಯಕ್ಷರು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಸಂತೋಷಪಟ್ಟರು.

"ಆಹಾ, ಅರಿಸಿನ ಬಂತಲ್ಲ! ಸ್ವಾಮಿ ನೀರಲ್ವಾ, ಶುಭ ಕಣಮ್ಮ."

ಡಾಕ್ಟರಮ್ಮ ಗಾಬರಿಯಾಗಿ, "ಅಲ್ಲ ಸಾರ್, ಹಳದಿ ಬಂದ್ರೆ ಕೆಟ್ಟದ್ದು" ಎಂದರು.

"ಅರಿಸಿನ ಯಾವತ್ತಾದ್ರೂ ಕೆಟ್ಟದ್ದಾಗ್ತದಾ ತಾಯಿ? ನಿಮ್ ಮದ್ವೇಲಿ ಹಚ್ಚಿಲ್ವಾ?" ಸುತ್ತ ನಿಂತವರು ನಕ್ಕರು. ಆ ಹುಡುಗಿಯೂ ಪಾಪ, ಮರ್ಯಾದೆಗೆ ನಕ್ಕರು.

ಹೊರಡುವಾಗ ಅವರು ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದರು. ಮೈದುನನ ಮಗಳು ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು, ಬಾಯಲ್ಲಿ ಅಕ್ಕಿಕಾಳಿನಂಥ ನಾಲ್ಕೈದು ಹಲ್ಲು. ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದರು: "ಮುಂದೆ ಬರೋ ಹಲ್ಲು ಈಗ್ಲೇ ವಸಡಿನ ಒಳಗೆ ತಯಾರಾಗ್ತಿರುತ್ತೆ ಅಮ್ಮ. ಈ ವರ್ಷಗಳಲ್ಲಿ ಕುಡಿದ ನೀರು ಆಗ ಕಾಣುತ್ತೆ. ಕಾಯಿಸಿದ್ರೂ ಹೋಗಲ್ಲ. ಮೂಳೆಗೂ ಅಷ್ಟೇ."

ನನ್ನ ವಾರಗಿತ್ತಿ ಮಗುವನ್ನು ಎದೆಗೆ ಅವುಚಿಕೊಂಡಳು. "ಅಕ್ಕಾ, ನೀನು ಸಮಿತೀಲಿದ್ದೀಯ. ಏನಾದ್ರೂ ಮಾಡಕ್ಕಾ. ನಿನ್ ಮಗ್ಳಿಗಾದಂಗೆ ಇದಕ್ಕಾಗ್ಬಾರ್ದು" ಎಂದಳು. ಮಾಡುತ್ತೇನೆ ಎಂದೆ. ಕಾಗದದಲ್ಲಿ ಬರೆದದ್ದಿದೆ, ಮಕ್ಕಳ ಬಾಯಲ್ಲಿ ಬರೆದದ್ದಿದೆ, ಇನ್ನೇನು ಬೇಕು ಎಂಬ ಧೈರ್ಯ ನನಗೆ.

ಸಭೆ ಗುಡಿ ಜಗಲಿಯ ಮೇಲೆ ಕೂತಿತು. ಜಗಲಿಯ ಮೇಲೆ ಗಂಡಸರು, ಕೆಳಗಿನ ಮೆಟ್ಟಿಲಲ್ಲಿ ನಾನು. ಡಾಕ್ಟರಮ್ಮನ ವರದಿ, ಅವರು ನೀರು ಕಳಿಸಿ ತರಿಸಿದ್ದ ಲ್ಯಾಬಿನ ರಿಪೋರ್ಟು ಎರಡನ್ನೂ ರಿಟೈರಾದ ಮೇಷ್ಟ್ರು ಓದಿದರು. ಓದಿ ಮಡಚಿ, ಹಾರದಿರಲಿ ಎಂದು ಅದರ ಮೇಲೆ ತಮ್ಮ ಕನ್ನಡಕದ ಡಬ್ಬಿ ಇಟ್ಟರು. ಅಲ್ಲಿಗೆ ಅದರ ಕೆಲಸ ಮುಗಿಯಿತು.

"ಇರ್ಲಿ, ಅವರ ಡ್ಯೂಟಿ ಅವರು ಮಾಡವ್ರೆ" ಎಂದರು ಅಧ್ಯಕ್ಷರು. "ನಮ್ಮಜ್ಜ ಈ ಊರ ನೀರು ಕುಡ್ದು ತೊಂಬತ್ತು ದಾಟ್ದ. ಸಾಯೋ ಹಿಂದಿನ ದಿನ ಕಬ್ಬು ಸಿಗುದು ತಿಂದವ್ನೆ."

"ನಮ್ಮವ್ವ ತೊಂಬತ್ತೈದಕ್ಕೂ ಸೂಜಿಗೆ ದಾರ ಪೋಣಿಸ್ತಿದ್ಲು" ಎಂದರು ಮೇಷ್ಟ್ರು.

"ನಮ್ ದೊಡ್ಡಜ್ಜಿ ನೂರಾ ಎಂಟು!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಲೇ, ನಿಮ್ ದೊಡ್ಡಜ್ಜಿ ಹುಟ್ಟಿದ್ನ ಯಾವನ್ಲಾ ನೋಡಿದ್ದು?"

ನಗೆಯೋ ನಗೆ. ಹರಾಜು ಕೂಗಿದ ಹಾಗೆ ಒಬ್ಬರ ಅಜ್ಜಿಯ ಮೇಲೆ ಇನ್ನೊಬ್ಬರ ಅಜ್ಜಿ. ನಮ್ಮಲ್ಲಿ ಇದು ಮೊದಲಿನಿಂದ ನಡೆದು ಬಂದದ್ದು. ಯಾವ ಪಂಚಾಯ್ತಿಯಾದರೂ ಸರಿ, ಯಾರ ಮನೆಯಲ್ಲಿ ಹೆಚ್ಚು ವಯಸ್ಸಾದವರು ಬದುಕಿದ್ದರೋ ಅವರ ಮಾತಿಗೆ ತೂಕ ಹೆಚ್ಚು.

ನಾನು ಎದ್ದು ನಿಂತೆ. "ಮಾವ, ನಿಮ್ಮಜ್ಜ ಕುಡ್ದಿದ್ದು ಸೇದೋ ಬಾವಿ ನೀರು. ಈ ಬೋರು ಕೊರೆಸಿದ್ದು ನಮ್ಮನೆಯವರು ಚಿಕ್ಕ ಹುಡುಗ ಆಗಿದ್ದಾಗ. ಅವರಿಂದ ಈಚೆಗೆ ಹುಟ್ಟಿದವರ ಹಲ್ಲೇ ಅಲ್ವಾ ಹಿಂಗಿರೋದು?"

"ಭೂಮಿ ಒಂದೇ ಅಲ್ವೇನಮ್ಮ? ಮ್ಯಾಲಿನ ನೀರೇ ಕೆಳಕ್ಕಿಳಿಯಾದು. ನಿಮ್ಮತ್ತೇನೇ ನೋಡು, ಇದೇ ನೀರು ಕುಡ್ದು ಎಂಬತ್ತು ವರ್ಷ ಬಾಳಿದ್ಲು."

"ಬೆನ್ನು ಬಗ್ಗಿ, ದೇವರ ಮುಖ ನೋಡಕ್ಕಾಗದೆ ಹೋದ್ರು ಮಾವ."

"ವಯಸ್ಸಾದ್ರೆ ಬೆನ್ನು ಬಗ್ಗದೆ ಹಾರ್ತದಾ?" ಮೇಷ್ಟ್ರು ನಕ್ಕರು. ಒಂದು ಕಾಲಕ್ಕೆ ಇದೇ ಮೇಷ್ಟ್ರು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವರು.

ಆಗ ಅಧ್ಯಕ್ಷರು ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದ ಕೇಳಿದರು: "ಅದೆಲ್ಲ ಬುಡವ್ವ. ನೀನು ಅಡುಗೆ ಮನೆ ನಡೆಸೋಳು, ನಿನಗಿಂತ ಯಾರ್ಗೆ ಗೊತ್ತು? ಸತ್ಯ ಹೇಳು, ದೇವ್ರ ಮುಂದೆ ನಿಂತಿದ್ದೀಯ. ಬೇಳೆ ಯಾವುದ್ರಲ್ಲಿ ಚೆನ್ನಾಗಿ ಬೇಯ್ತದೆ?"

"ಗುಡಿ ನೀರಲ್ಲಿ" ಎಂದೆ. "ಆದ್ರೆ ಬೇಳೆಗೆ ಹಲ್ಲಿಲ್ಲ, ಮೂಳೆ ಇಲ್ಲ ಮಾವ. ಮಕ್ಕಳಿಗಿದೆ."

ನನ್ನ ಎರಡನೇ ಮಾತು ಹೊರಡುವ ಮೊದಲೇ ಅಧ್ಯಕ್ಷರು ತೊಡೆ ತಟ್ಟಿದ್ದರು. "ಕೇಳುದ್ರಾ! ಬೇಳೆ ಬೆಣ್ಣೆ ಆಗೋ ನೀರು ವಿಷ ಹೆಂಗಾಗ್ತದೆ? ಇದೇ ನೀರು ದಿನಾ ಸ್ವಾಮಿ ತಲೆ ಮೇಲೆ ಹುಯ್ತೀವಿ."

ನನಗೆ ತಡೆಯಲಾಗಲಿಲ್ಲ. "ಅವನು ವಿಷವನ್ನೇ ಕುಡಿದು ಗಂಟಲಲ್ಲಿ ಇಟ್ಕೊಂಡವನು ಮಾವ. ಅವನಿಗೇನೂ ಆಗಲ್ಲ. ನಮ್ಮನೆ ಕೂಸು ಶಿವ ಅಲ್ಲ" ಎಂದೆ.

"ಏನವ್ವ, ಪುರಾಣ ಹೇಳಕ್ಕೆ ಸುರು ಮಾಡ್ದೆ?" ಎಂದರು ಮೇಷ್ಟ್ರು. ಮತ್ತೆ ನಗೆ. ಅವರ ಅಜ್ಜಿಯರೆಲ್ಲ ಅನುಭವ, ನನ್ನದು ಪುರಾಣ.

ಟ್ಯಾಂಕಿಗೆ ಗುಡಿ ಬೋರಿನ ನೀರೇ ಎಂದಾಯಿತು. ನಡಾವಳಿ ಪುಸ್ತಕದಲ್ಲಿ ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಮಹಿಳಾ ಸದಸ್ಯರು ಸದರಿ ನೀರು ಅಡುಗೆಗೆ ಅತ್ಯುತ್ತಮವೆಂದು ಅನುಭವದಿಂದ ತಿಳಿಸಿದರು." ಕೆಳಗೆ ಸಹಿ ಹಾಕಲು ನನ್ನನ್ನೂ ಕರೆದರು. ಹಾಕುವುದಿಲ್ಲ ಎಂದೆ. ಪರವಾಗಿಲ್ಲ, ಕೋರಂ ಇದೆ ಎಂದರು. ಆ ಸಂಜೆ ದೀಪದ ಮುಂದೆ ಕೂತರೆ ಒಳ್ಳೆಯದರ ಲೆಕ್ಕಕ್ಕೆ ಒಂದೂ ಸಿಗಲಿಲ್ಲ. ಬಹಳ ಹೊತ್ತು ಕೂತ ಮೇಲೆ, ನನ್ನ ಬಾಯಿಂದ ಕೆಟ್ಟ ಬೈಗುಳ ಬರಲಿಲ್ಲ, ಅದೊಂದು ಎಂದುಕೊಂಡು ಎದ್ದೆ.

ಮನೆಯ ಜಗಲಿಗೇ ನಲ್ಲಿ ಬಂತು. ಇಲ್ಲವೆನ್ನಲಾರೆ, ಅದು ಸುಖವೇ. ಆದರೆ ಕೂಸಿಗೆ ಮಾತ್ರ ನಾನೂ ವಾರಗಿತ್ತಿಯೂ ಕೆರೆ ಪಂಪಿನಿಂದ ಹೊತ್ತು ತಂದೆವು. ದಾರಿಯಲ್ಲಿ ಸಿಕ್ಕವರು ಆಡಿಕೊಂಡರು: "ಬಾಗ್ಲಲ್ಲಿ ಗಂಗಮ್ಮ ಇದ್ರೂ ಇವ್ರಿಗೆ ಹೊರೋ ಚಟ." ನಲ್ಲಿ ಬಂದ ಮೇಲೆ ಆ ಪಂಪನ್ನು ಕೇಳುವವರಿಲ್ಲವಾಯಿತು. ಒಂದು ದಿನ ವಾಷರು ಹೋಯಿತು. ಹಾಕಿಸಿ ಎಂದು ಹೇಳಿದ್ದೇ ಹೇಳಿದ್ದು. "ನಲ್ಲಿ ಇರೋವಾಗ ಅದ್ಯಾಕೆ?" ಎಂಬ ಉತ್ತರ. ಪಕ್ಕದ ಊರಿನಲ್ಲಿ ಫಿಲ್ಟರ್ ನೀರಿನ ಘಟಕವಿತ್ತು. ಅದು ನಡೆಯುತ್ತಿದ್ದ ದಿನಗಳಿಗಿಂತ ಕೆಟ್ಟು ನಿಂತ ದಿನಗಳೇ ಹೆಚ್ಚು. ಕೂಸು ಅಂಗನವಾಡಿಗೆ ಹೋಗತೊಡಗಿದ ಮೇಲಂತೂ ಎಲ್ಲ ಮಕ್ಕಳ ಜೊತೆ ಅದೇ ನಲ್ಲಿಗೆ ಬಾಯಿ ಒಡ್ಡುತ್ತಿತ್ತು. ಎಷ್ಟು ಕಾಯಲಾದೀತು? ವಾರಗಿತ್ತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ವರ್ಷಗಳು ಹೋದವು. ಅಧ್ಯಕ್ಷರ ಮೊಮ್ಮಗನಿಗೆ ಹೆಣ್ಣು ನೋಡತೊಡಗಿದರು. ಒಳ್ಳೆಯ ಹುಡುಗ, ತಲೆತಗ್ಗಿಸಿ ನಡೆಯುವವನು, ಎಲೆ ಅಡಿಕೆಯನ್ನೂ ಮುಟ್ಟುವವನಲ್ಲ. ಶಿರಾ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಹುಡುಗಿ ಮನೆಯಲ್ಲಿ ಇವನು ಮಾತಾಡಿದ, ನಕ್ಕ, ಚಿರೋಟಿ ತಿಂದ. ಮಾರನೆಯ ದಿನ ಫೋನ್ ಬಂತು. ಹುಡುಗ ಗುಟ್ಕಾ ತಿನ್ನುತ್ತಾನೆ, ನಮಗೆ ಬೇಡ.

ಅಧ್ಯಕ್ಷರು ಅವತ್ತೇ ನಮ್ಮ ಮನೆಗೆ ಬಂದರು. ಮುಖ ಇಳಿದುಹೋಗಿತ್ತು. ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

"ಅವತ್ತು ಆ ಡಾಕ್ಟರಮ್ಮ ಬಂದಾಗ ನೀನಿದ್ದೆಯಲ್ಲಮ್ಮ. ಶಿರಾದೋರ್ಗೆ ಫೋನಲ್ಲಿ ಒಂದು ಮಾತು ಹೇಳು ತಾಯಿ. ಇದು ಗುಟ್ಕಾ ಕಲೆ ಅಲ್ಲ, ನೀರಿಂದು, ಡಾಕ್ಟ್ರೇ ಬರ್ಕೊಟ್ಟವ್ರೆ ಅಂತ."

ಆ ವರದಿ ಎಲ್ಲಿದೆ ಎಂದು ಕೇಳಿದೆ. ಮೇಷ್ಟ್ರ ಹತ್ತಿರ ಇರಬೇಕು ಎಂದರು. ಮೇಷ್ಟ್ರ ಮನೆಯಲ್ಲಿ ಹುಡುಕಿದರೆ ಸಿಗಲಿಲ್ಲ. ಹುಡುಗನ ಮುಖ ನೋಡಿ ಫೋನ್ ಮಾಡಿದೆ. ಅವನೇನು ತಪ್ಪು ಮಾಡಿದ್ದ? ಎಲ್ಲ ವಿವರಿಸಿದೆ. ಹುಡುಗಿಯ ತಾಯಿ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಗುಟ್ಕಾ ಆಗಿದ್ರೆ ಬಿಡಿಸ್ಬೋದಿತ್ತು ಕಣಮ್ಮ. ನೀರಂತೀರಾ? ಹಂಗಾದ್ರೆ ನನ್ ಮಗ್ಳು ಅಲ್ಲಿಗೆ ಬಂದು ಅದೇ ನೀರು ಕುಡೀಬೇಕಲ್ಲ. ನಾಳೆ ಅವಳ ಮಕ್ಕಳು?"

ಫೋನ್ ಸ್ಪೀಕರಿನಲ್ಲಿತ್ತು. ಅಧ್ಯಕ್ಷರು ಕೇಳಿಸಿಕೊಂಡರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅದೇ ವಾರ ಸಭೆ. ಅಧ್ಯಕ್ಷರು ನಡೆದದ್ದನ್ನೆಲ್ಲ ಹೇಳಿದರು. "ಆ ಹೆಣ್ಮಗಳು ಕೇಳಿದ್ದು ಎದೆಗೆ ನಾಟ್ಬುಡ್ತು ಕಣ್ರಪ್ಪ" ಎಂದರು. ಯಾರ ಅಜ್ಜಿಯೂ ಹೊರಗೆ ಬರಲಿಲ್ಲ. ಕೆರೆ ಬೋರಿಗೆ ಮೋಟರು ಇಳಿಸಿ ಟ್ಯಾಂಕಿಗೆ ಪೈಪು ಎಳೆಯುವುದು ಎಂದು ಒಂದೇ ಮಾತಿನಲ್ಲಿ ತೀರ್ಮಾನವಾಯಿತು. ಮೇಷ್ಟ್ರು ನನ್ನ ಕಡೆ ನೋಡಿ, "ಕಣ್ಣಾರೆ ಕಂಡ್ಮೇಲೆ ಇನ್ನೇನಮ್ಮ" ಎಂದರು.

"ನೀವು ಕಂಡಿದ್ದು ಒಂದು ಬಾಯಿ ಮೇಷ್ಟ್ರೇ" ಎಂದೆ. "ಆ ಡಾಕ್ಟರಮ್ಮ ಇಡೀ ಶಾಲೆ ಬಾಯಿ ನೋಡಿ ಬರೆದುಕೊಟ್ಟಿದ್ಲು." ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಅಷ್ಟು ಹೊತ್ತಿಗೆ ನಮ್ಮ ಕೂಸು ಎರಡನೇ ಕ್ಲಾಸು. ಮುಂದಿನ ಎರಡು ಹಲ್ಲು ಬಂದಾಗಿತ್ತು. ಮೊದಲು ಸುಣ್ಣ ಎಳೆದ ಹಾಗೆ ಬಿಳಿ ಗೆರೆ ಇತ್ತು, ಈಚೀಚೆಗೆ ಅದು ಕಂದು ಬಣ್ಣಕ್ಕೆ ತಿರುಗುತ್ತಿದೆ. ಈಗ ನೀರು ಬದಲಾಗಿದೆ, ವಸಡಿನೊಳಗೆ ಇನ್ನೂ ಗಟ್ಟಿಯಾಗುತ್ತಿರುವ ಹಿಂದಿನ ಹಲ್ಲುಗಳಾದರೂ ಉಳಿಯಬಹುದು. ಇದನ್ನೂ ನಾನು ಸಂಜೆ ನೆನೆಯುತ್ತೇನೆ. ಆದರೆ ನೆನೆಯುವಾಗ ಕೈಮುಗಿಯಲು ಮನಸ್ಸು ಬರುವುದಿಲ್ಲ.

ಹೋದ ತಿಂಗಳು ಅಧ್ಯಕ್ಷರು ಮತ್ತೆ ಬಂದರು. ಪಕ್ಕದ ಇನ್ನೊಂದು ಊರಿನಲ್ಲೂ ಇದೇ ತಕರಾರಂತೆ, ಎರಡು ಬೋರು, ಒಂದು ಟ್ಯಾಂಕು. ಈಗ ನೀರಿನ ವಿಷಯವೆಂದರೆ ಅಧ್ಯಕ್ಷರೇ ಸುತ್ತಲಿನ ಊರುಗಳಿಗೆಲ್ಲ ಬುದ್ಧಿ ಹೇಳುವವರು. "ಬಾ ಕಣಮ್ಮ, ನಾಕು ಮಾತು ಹೇಳುವೆಯಂತೆ" ಎಂದರು. ಭಾನುವಾರ ಬೆಳಗ್ಗೆ ಹೋದೆ. ಡಾಕ್ಟರಮ್ಮನನ್ನು ವಿಚಾರಿಸಿ, ವರದಿಯ ಇನ್ನೊಂದು ಪ್ರತಿ ತರಿಸಿಕೊಂಡು, ಅದನ್ನೂ ತೆಗೆದುಕೊಂಡು ಹೋದೆ. ಕೂಸು ನಾನೂ ಬರ್ತೀನಿ ಎಂದು ಸೆರಗು ಹಿಡಿಯಿತು.

ಅಲ್ಲಿಯ ಅರಳಿಕಟ್ಟೆಯ ಮೇಲೆ ನಮ್ಮೂರಿನವರ ಹಾಗೆಯೇ ಹಿರಿಯರು. ವರದಿಯನ್ನು ಓದಿದೆ. ಓದಿ ಮುಗಿಸುವುದಕ್ಕೆ ಬಿಡದೆ ಒಬ್ಬ ಯಜಮಾನರು, ಅರ್ಧ ತೆಲುಗಿನಲ್ಲಿ, "ಅದಂತಾ ಸರೇ ಅಮ್ಮಾ, ನಮ್ ತಾತ ಇದೇ ನೀರು ಕುಡ್ದು..." ಎಂದು ಶುರುಮಾಡಿದರು. ಕಟ್ಟೆಯ ಪಕ್ಕದಲ್ಲೇ ಒಬ್ಬ ತಾಯಿ ತಿಂಗಳ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

ಅಧ್ಯಕ್ಷರು ಬಗ್ಗಿ ನಮ್ಮ ಕೂಸಿನ ಗಲ್ಲ ಹಿಡಿದರು. "ಪಾಪೂ, ಆ ಅನ್ನು. ಇವರ್ಗೆಲ್ಲ ತೋರ್ಸು ನೋಡನ."

ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನನ್ನ ಕೈಯಲ್ಲಿ ಕಾಗದವಿತ್ತು. ಅದರಲ್ಲಿ ಎಲ್ಲ ಇತ್ತು. ಅದನ್ನು ಹಿಡಿದುಕೊಂಡೇ ಸುಮ್ಮನೆ ನಿಂತೆ.

ಕೂಸು ಬಾಯಿ ಅಗಲಿಸಿತು. ಹಿರಿಯರು ಒಬ್ಬೊಬ್ಬರಾಗಿ ಕಟ್ಟೆಯಿಂದ ಇಳಿದು ಬಂದು, ಸಂತೆಯಲ್ಲಿ ಕರುವಿನ ಹಲ್ಲು ನೋಡುವ ಹಾಗೆ, ಕತ್ತು ಓರೆ ಮಾಡಿ ನೋಡಿದರು. ತಾತನ ವಿಷಯ ಎತ್ತಿದವರು ಬೆರಳಿನಿಂದ ತುಟಿಯನ್ನೂ ಎತ್ತಿ ನೋಡಿದರು. "ಅಯ್ಯೋ ಪಾಪ" ಎಂದರು. ಬೇರೆ ಬೋರಿನ ನೀರು ಎಂದು ಅಲ್ಲೇ ಆಯಿತು. ಕಾಗದವನ್ನು ಯಾರೂ ಕೇಳಲಿಲ್ಲ.

ವಾಪಸು ಬರುವಾಗ ಅಧ್ಯಕ್ಷರು ಮುಂದೆ ಮುಂದೆ ಹುರುಪಾಗಿ ನಡೆಯುತ್ತಿದ್ದರು. ಕೂಸು ನನ್ನ ಕೈಹಿಡಿದು ಕುಣಿಯುತ್ತಾ ಬರುತ್ತಿತ್ತು.

"ದೊಡ್ಡಮ್ಮಾ, ಎಲ್ಲಾರೂ ನನ್ ಹಲ್ಲೇ ನೋಡಿದ್ರಲ್ವಾ? ಅಷ್ಟ್ ಚೆನ್ನಾಗಿತ್ತಾ?"

ಬಿಸಿಲು ಏರಿತ್ತು. ನಾನು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಅವಳ ತಲೆಯ ಮೇಲೆ ಹೊದಿಸಿದೆ.